ಪಿಎಫ್ ಜೊತೆ ಪೆನ್ಷನ್ ದುಡ್ಡೂ ತೆಗೀಲಾ ಬೇಡ್ವಾ? 9 ವರ್ಷ 3 ತಿಂಗಳು ಸರ್ವಿಸ್ ಆಗಿದೆ

ತೋಟದ ರೈಟರ್, ಸುಂಟಿಕೊಪ್ಪ

ಎಲ್ರಿಗೂ ನಮಸ್ಕಾರ. ನಂಗೆ 46 ವರ್ಷ, ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಹಾಜರಿ ಲೆಕ್ಕ ಬರೆಯೋನು ಆಗಿದ್ದೆ. ಮೊದಲು ಮಾದಾಪುರ ಕಡೆ ಒಂದು ತೋಟ, 2015 ಜೂನಿಂದ 2020 ಮಾರ್ಚ್ ತನಕ. ಆಮೇಲೆ ಸಿದ್ದಾಪುರ ಹತ್ರ ಇನ್ನೊಂದು, 2020 ಆಗಸ್ಟಿಂದ 2024 ಡಿಸೆಂಬರ್ ತನಕ. ಎರಡೂ ಕಡೆ ಪಿಎಫ್ ಕಟ್ಟಿದ್ದಾರೆ, ಅದ್ರಲ್ಲಿ ಮೋಸ ಇಲ್ಲ. ಹೋದ ವರ್ಷ ತೋಟ ಕೈ ಬದಲಾಯ್ತು, ಹೊಸಬ್ರು ಅವರ ಕಡೆ ಜನಾನೇ ಕರ್ಕೊಂಡು ಬಂದ್ರು, ನಾನು ಮನೆಗೆ ಬಂದೆ. ಈಗ ಒಂಬತ್ತು ತಿಂಗಳಾಯ್ತು, ಅಣ್ಣನ ಜೊತೆ ಮನೆ ಪಾಲಿನ ಎರಡು ಎಕರೆ ನೋಡ್ಕೊಂಡಿದ್ದೀನಿ.

ವಿಷಯ ಏನಂದ್ರೆ ಕಾಫಿ ಹೂ ಅರಳಿಸೋ ಹೂಮಳೆ ನಂಬ್ಕೊಂಡು ಕೂರೋ ಕಾಲ ಹೋಯ್ತು, ಕೆರೇಲಿ ನೀರಿದೆ, ಒಂದು ಪಂಪ್‌ಸೆಟ್ ಸ್ಪ್ರಿಂಕ್ಲರ್ ಪೈಪು ತಗೊಂಡ್ರೆ ಬರೋ ಫೆಬ್ರವರಿಗೆ ಹೂ ಬಿಡಿಸ್ಬೋದು ಅಂತ ಅಣ್ಣನ ಲೆಕ್ಕ. ದುಡ್ಡಿಗೆ ಪಿಎಫ್ ತೆಗಿ ಅಂತಾನೆ. ಎರಡೂ ಅಕೌಂಟ್ ಸೇರಿ 3 ಲಕ್ಷ 40 ಸಾವಿರ ಚಿಲ್ಲರೆ ಇದೆ. ಸೈಬರ್ ಸೆಂಟರ್ ಹುಡುಗ ಫಾರಂ 19 ಒಂದು 10ಸಿ ಒಂದು ಎರಡೂ ಹಾಕಿದ್ರೆ ಪೆನ್ಷನ್ ದುಡ್ಡೂ ಸೇರಿ ಬರತ್ತೆ, ಅದೇ ಒಂದೂ ಕಾಲು ಒಂದೂವರೆ ಲಕ್ಷ ಆಗ್ಬೋದು, ಫುಲ್ ಸೆಟ್ಲ್‌ಮೆಂಟ್ ಅಂತಿದ್ದಾನೆ. ನೆನ್ನೆ ಎಲ್ಲಾ ಟೈಪ್ ಮಾಡಿ ಆಗಿತ್ತು, ಓಟಿಪಿ ಬರೋ ಹೊತ್ತಿಗೆ ಕರೆಂಟ್ ಹೋಯ್ತು, ನಾಳೆ ಬನ್ನಿ ಅಂದ.

ರಾತ್ರಿ ಮನೇಲಿ ಕೂತು ಯೋಚನೆ ಮಾಡಿದ್ರೆ ಏನೋ ಒಂಥರಾ. ಪೊನ್ನಂಪೇಟೆ ಭಾವ ಫೋನಲ್ಲಿ, ಪೆನ್ಷನ್ ಮುಟ್ಬೇಡ ಮಾರಾಯ ಅಂದ್ರು. ಅಣ್ಣ, ಯಾವ ಪೆನ್ಷನ್, ಸಾವಿರ ರೂಪಾಯಿ ಕೊಡ್ತಾರೆ, ಬಸ್ ಚಾರ್ಜಿಗೂ ಸಾಲಲ್ಲ ಅಂತಾನೆ. ಇನ್ನೊಂದು, ಕೂಡ್ಲೂರಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಲ್ಲಿ ಸ್ಟೋರ್ಸ್ ನೋಡ್ಕೊಳ್ಳೋಕೆ ಕರೀತಿದ್ದಾರೆ, ಅಕ್ಟೋಬರಿಂದ, ಪಿಎಫ್ ಇದೆಯಂತೆ. ದಿನಾ ಬಸ್ಸಲ್ಲಿ ಹೋಗಿ ಬರ್ಬೇಕು ಅಂತ ಇನ್ನೂ ಹೂಂ ಅಂದಿಲ್ಲ. ಹತ್ತು ವರ್ಷ ನೂರಾರು ಜನರ ಮಸ್ಟರ್ ಅಂದ್ರೆ ಹಾಜರಿ ಪುಸ್ತಕ ಬರ್ದಿದ್ದೀನಿ, ಅವರ ಪಿಎಫ್ ಲೆಕ್ಕ ಎಲ್ಲಾ ನನ್ನ ಕೈಲೇ ಹೋಗಿದ್ದು, ನಂದು ಮಾತ್ರ ಒಂದು ದಿನ ಸರಿಯಾಗಿ ನೋಡಿಲ್ಲ, ನಗ್ಬೇಡಿ. ಗೊತ್ತಿರೋರು ಹೇಳಿ.

ಗೋಣಿಕೊಪ್ಪ ಅಕೌಂಟ್ಸ್

ಕರೆಂಟ್ ಹೋಗಿದ್ದು ಒಳ್ಳೇದೇ ಆಯ್ತು ಸರ್. 10ಸಿ ಹಾಕ್ಬೇಡಿ, ಮೊದಲು ಇದನ್ನ ಓದಿ.

ನಿಮ್ಮ ಸಂಬಳದಿಂದ 12% ಹಿಡಿದಿದ್ದು ಪೂರ್ತಿ ಪಿಎಫ್‌ಗೆ ಹೋಗತ್ತೆ. ಮಾಲೀಕರು ಕಟ್ಟೋ 12% ಎರಡು ದಾರಿ ಹಿಡಿಯತ್ತೆ, 8.33% ಪೆನ್ಷನ್ ಸ್ಕೀಮಿಗೆ ಅಂದ್ರೆ ಇಪಿಎಸ್‌ಗೆ, ಉಳಿದ 3.67% ಪಿಎಫ್‌ಗೆ. ಪೆನ್ಷನ್ ಭಾಗಕ್ಕೆ 15,000 ಸಂಬಳದ ಮಿತಿ ಇದೆ, ಅದಕ್ಕೇ ಪಾಸ್‌ಬುಕ್ಕಲ್ಲಿ ಕೊನೇ ಕಾಲಂನಲ್ಲಿ ತಿಂಗಳಿಗೆ ಜಾಸ್ತಿ ಅಂದ್ರೆ 1,250 ಕಾಣತ್ತೆ. ಫಾರಂ 19 ಪಿಎಫ್ ದುಡ್ಡಿಗೆ, 10ಸಿ ಪೆನ್ಷನ್ ಭಾಗಕ್ಕೆ, ಎರಡೂ ಬೇರೆ ಬೇರೆ, ಒಂದು ಹಾಕಿದ್ರೆ ಇನ್ನೊಂದು ಹಾಕ್ಲೇಬೇಕು ಅಂತ ಎಲ್ಲೂ ಇಲ್ಲ. ಸೈಬರ್‌ನೋರು ಎರಡೂ ಒಟ್ಟಿಗೆ ಹಾಕ್ತಾರೆ ಯಾಕಂದ್ರೆ ಅವರಿಗೆ ಎರಡು ಫಾರಂ ಚಾರ್ಜ್ ಸಿಗತ್ತೆ.

ಪೆನ್ಷನ್ ಬರೋಕೆ ಒಟ್ಟು ಸರ್ವಿಸ್ ಹತ್ತು ವರ್ಷ ಆಗ್ಬೇಕು. ಆದ್ರೆ ಆರು ತಿಂಗಳು ದಾಟಿದ್ರೆ ಅದನ್ನ ಒಂದು ವರ್ಷ ಅಂತ ಹಿಡೀತಾರೆ, ಅಂದ್ರೆ 9 ವರ್ಷ 6 ತಿಂಗಳು ಆದ್ರೆ ಹತ್ತು ಆದ ಹಾಗೇ. ನಿಮ್ಮದು ನಾನು ಕೂಡಿ ನೋಡ್ದೆ, ಮೊದಲನೇ ತೋಟ 58 ತಿಂಗಳು, ಎರಡನೇದು 53, ಒಟ್ಟು 111 ತಿಂಗಳು. ಇನ್ನು ಮೂರೇ ಮೂರು ತಿಂಗಳು! ಕೂಡ್ಲೂರು ಕೆಲಸ ಮನೆ ಬಾಗಿಲಿಗೆ ಬಂದಿದೆ, ನೀವು ಬಸ್ ಅಂತಿದ್ದೀರಿ.

ಈಗ 10ಸಿ ಹಾಕಿದ್ರೆ ಸುಮಾರು 1.4 ಲಕ್ಷ ಬರತ್ತೆ, 9 ವರ್ಷಕ್ಕೆ ಸಂಬಳದ 9.33 ಪಟ್ಟು ಅಂತ ಟೇಬಲ್ ಇದೆ. ಹಾಕ್ದೆ ಹತ್ತು ಪೂರ್ತಿ ಮಾಡ್ಕೊಂಡ್ರೆ 58ಕ್ಕೆ ಪೆನ್ಷನ್ ಶುರು. ಲೆಕ್ಕ ಸುಲಭ, ಕೊನೇ 60 ತಿಂಗಳ ಸರಾಸರಿ ಸಂಬಳ ಗುಣಿಸು ಸರ್ವಿಸ್ ವರ್ಷ, ಭಾಗಿಸು 70. 15,000 ಅಂತಿಟ್ಕೊಂಡ್ರೆ ಹತ್ತು ವರ್ಷಕ್ಕೆ ತಿಂಗಳಿಗೆ 2,143. ನಿಮ್ಮ ಅಣ್ಣ ಹೇಳೋ ಸಾವಿರ ಏನಿದೆ ಅದು 2014ರಿಂದ ಇರೋ ಕನಿಷ್ಠ ಪೆನ್ಷನ್, ಎಲ್ರಿಗೂ ಅಷ್ಟೇ ಅಂತ ಅಲ್ಲ.

ಕೂಡ್ಲೂರಲ್ಲಿ 58ರ ತನಕ ಇದ್ರಿ ಅಂತಿಟ್ಕೊಳ್ಳಿ, ಸರ್ವಿಸ್ 21 ಆಗತ್ತೆ. 20 ದಾಟಿದವರಿಗೆ ಎರಡು ವರ್ಷ ಬೋನಸ್ ಸೇರಿಸ್ತಾರೆ, 23 ಹಿಡಿದು 4,929 ಬರತ್ತೆ. ಈಗ ತೆಗೆದು ಮತ್ತೆ ಶುರು ಮಾಡಿದ್ರೆ ಬರೀ 12 ವರ್ಷ, ಬೋನಸ್ಸೂ ಇಲ್ಲ, 2,571.

ಪಂಪ್‌ಸೆಟ್‌ಗೆ ದುಡ್ಡು ಬೇಕೇ ಬೇಕು ಅಂದ್ರೆ ಕೆಲಸ ಬಿಟ್ಟವರು ಪಿಎಫ್ ಭಾಗದಲ್ಲಿ 75% ಅಕೌಂಟ್ ಮುಚ್ಚದೇ ತೆಗೀಬೋದು, 2018ರಲ್ಲಿ ಆ ಅವಕಾಶ ಬಂತು. ಪೆನ್ಷನ್‌ಗೆ ಏನೂ ಆಗಲ್ಲ. ಫಾರಂ 19 ಹಾಕೋದೇ ಆದ್ರೆ ಇನ್ನೊಂದು ಗುಂಡಿ ಇದೆ ನೋಡಿ, ನಿಮ್ಮ ಎರಡೂ ತೋಟದ ಸರ್ವಿಸ್ ಬೇರೆ ಬೇರೆ ನೋಡಿದ್ರೆ ಐದು ವರ್ಷಕ್ಕೆ ಕಮ್ಮಿ. ಹಳೇ ಅಕೌಂಟ್ ಟ್ರಾನ್ಸ್‌ಫರ್ ಮಾಡ್ದೆ ತೆಗೆದ್ರೆ ಐದು ವರ್ಷ ಆಗಿಲ್ಲ ಅಂತ ಟ್ಯಾಕ್ಸ್ ಲೆಕ್ಕಕ್ಕೆ ಬರತ್ತೆ, 50 ಸಾವಿರ ದಾಟಿದ್ರೆ ಟಿಡಿಎಸ್ ಅಂತ ಟ್ಯಾಕ್ಸ್ ಮುಂಚೆನೇ ಹಿಡೀತಾರೆ. ಟ್ರಾನ್ಸ್‌ಫರ್ ಮಾಡಿ ಒಂದು ಮಾಡ್ಕೊಂಡ್ರೆ ಎರಡೂ ಕೂಡಿ ಐದು ದಾಟತ್ತೆ, ಆ ತಲೆನೋವಿಲ್ಲ.

ರೋಬಸ್ಟಾ ರೇಟ್

ಅಕೌಂಟ್ಸ್ ಸರ್ ಹೇಳಿದ ರೂಲ್ಸ್ ಎಲ್ಲಾ ಸರಿ ಆದ್ರೆ ಒಂದು ಮಾತು ಹೇಳ್ಲೇಬೇಕು, ಪೆನ್ಷನ್ ಅಂದ ತಕ್ಷಣ ಕೈ ಮುಗಿಯೋ ಅಭ್ಯಾಸ ನಮ್ಮ ಜನಕ್ಕೆ ಜಾಸ್ತಿ. 1.4 ಲಕ್ಷ ಇವತ್ತು ತೆಗೆದು ಪೋಸ್ಟ್ ಆಫೀಸಲ್ಲಿ ಪಿಪಿಎಫ್‌ಗೆ ಹಾಕಿ, ಈಗಿನ ದರ 7.1%, 15 ವರ್ಷಕ್ಕೆ ಸುಮಾರು 3.9 ಲಕ್ಷ ಆಗತ್ತೆ, ಆಗ ಇವರಿಗೆ 61. ಅದನ್ನ ತಂದು ಸೀನಿಯರ್ ಸಿಟಿಜನ್ ಸ್ಕೀಮಲ್ಲಿ ಇಟ್ರೆ ಈಗಿನ 8.2% ಪ್ರಕಾರ ತಿಂಗಳಿಗೆ 2,600 ಮೇಲೆ ಬಿತ್ತು, ಮೂರು ತಿಂಗಳಿಗೊಂದ್ಸಲ ಕೊಡ್ತಾರೆ. ಅಸಲು ಹಾಗೇ ಇರತ್ತೆ, ಮಕ್ಕಳಿಗಾಗತ್ತೆ. ಇಪಿಎಸ್‌ನಲ್ಲಿ ಅಸಲು ಅಂತ ಏನೂ ವಾಪಸ್ ಬರಲ್ಲ. ಮತ್ತೆ ಇಪಿಎಸ್‌ಗೆ ಡಿಎ ಅಂದ್ರೆ ತುಟ್ಟಿಭತ್ಯೆ ಇಲ್ಲ, 58ಕ್ಕೆ ಎಷ್ಟು ಫಿಕ್ಸ್ ಆಯ್ತೋ 78ಕ್ಕೂ ಅಷ್ಟೇ, ಅಷ್ಟೊತ್ತಿಗೆ 2,143ರಲ್ಲಿ ಏನು ಬರತ್ತೆ ನೀವೇ ಯೋಚ್ನೆ ಮಾಡಿ. ಕನಿಷ್ಠ ಪೆನ್ಷನ್ 7,500 ಮಾಡಿ ಅಂತ ಎಷ್ಟು ವರ್ಷದಿಂದ ಜನ ಧರಣಿ ಕೂತಿದ್ದಾರೆ, ಸಾವಿರ ಸಾವಿರವಾಗೇ ಇದೆ.

ಗೋಣಿಕೊಪ್ಪ ಅಕೌಂಟ್ಸ್

ನಿಮ್ಮ ಲೆಕ್ಕ ತಪ್ಪಿಲ್ಲ, ಒಪ್ತೀನಿ. ಡಿಎ ಇಲ್ಲ ಅನ್ನೋದು ಈ ಸ್ಕೀಮಿನ ದೊಡ್ಡ ಕೊರತೇನೇ. ಆದ್ರೆ ಕೇಳ್ತೀನಿ, ರೈಟರ್ ಸರ್ ಈ 1.4 ಲಕ್ಷ ಪಿಪಿಎಫ್‌ಗೆ ಹಾಕೋಕೆ ತೆಗೀತಿದ್ದಾರಾ? ಪೈಪ್ ತಗೊಳ್ಳೋಕೆ. 15 ವರ್ಷ ಮುಟ್ಟದೇ ಇಡೋರು ನಮ್ಮಲ್ಲಿ ಎಷ್ಟು ಜನ, ಎರಡು ಮಳೆಗಾಲದೊಳಗೆ ಯಾರದ್ದೋ ಮದ್ವೆ, ಯಾರದ್ದೋ ಆಸ್ಪತ್ರೆ. ಇಪಿಎಸ್ ಒಳ್ಳೇದು ಅಂತಲ್ಲ, ಅದು ಕೈಗೆ ಸಿಗಲ್ಲ ಅನ್ನೋದೇ ಅದರ ಗುಣ.

ರಿಟೈರ್ಡ್ ಹವಾಲ್ದಾರ್

ನಾನು 17 ವರ್ಷ ಫೌಜಲ್ಲಿದ್ದು ಬಂದವನು, ಆಮೇಲೆ ಅಮ್ಮತ್ತಿ ಕಡೆ ತೋಟದಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಆಗಿ 11 ವರ್ಷ ಮಾಡಿದೆ. ಹಾಗಾಗಿ ಎರಡೂ ಪೆನ್ಷನ್ ತಿಂತಿದ್ದೀನಿ. ಫೌಜಿ ಪೆನ್ಷನ್‌ಗೆ ಡಿಎ ಇದೆ, ಒಂದೇ ರ‍್ಯಾಂಕ್ ಒಂದೇ ಪೆನ್ಷನ್ ಅನ್ನೋ ಓಆರ್‌ಓಪಿ ಇದೆ, ಆಸ್ಪತ್ರೆಗೆ ಇಸಿಎಚ್‌ಎಸ್ ಇದೆ. ತೋಟದ್ದು 1,700 ಚಿಲ್ಲರೆ, ಶುರುವಾದ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ. ನಮ್ಮ ಕೊಡಗಲ್ಲಿ ಮನೆಗೊಬ್ರು ಫೌಜಿಗಳು, ಅವರನ್ನ ನೋಡಿ ಜನ ಪೆನ್ಷನ್ ಅಂದ್ರೆ ಎಲ್ಲಾ ಒಂದೇ ಅಂದ್ಕೋತಾರೆ, ಅಲ್ಲ ಮಾರಾಯ್ರೆ.

ಆದ್ರೂ ಆ 1,700ನ ನಾನು ಬೈಯಲ್ಲ. ಅದ್ರಲ್ಲಿ ಗ್ಯಾಸ್ ಸಿಲಿಂಡರ್, ಕರೆಂಟ್ ಬಿಲ್ಲು, ನಾಯಿಗೆ ಅಕ್ಕಿ ಇಷ್ಟು ಹೋಗತ್ತೆ. ಮಗನ ಕೈ ನೋಡೋದು ಅಷ್ಟು ಕಮ್ಮಿ. ಅಕ್ಟೋಬರಿಂದ ಕೆಲಸಕ್ಕೆ ಹೋಗಪ್ಪ, 46 ಒಂದು ವಯಸ್ಸಾ.

ಒಂದು ಎಚ್ಚರಿಕೆ. 50 ಆದ್ಮೇಲೆ ಬೇಗ ಪೆನ್ಷನ್ ತಗೋಬೋದು ಅಂತ ಯಾರಾದ್ರೂ ಹೇಳ್ತಾರೆ, 58ಕ್ಕೆ ಎಷ್ಟು ವರ್ಷ ಕಮ್ಮಿ ಇದೆಯೋ ವರ್ಷಕ್ಕೆ 4% ಹಾಗೆ ಕಡಿತಾರೆ, ಜೀವನ ಪೂರ್ತಿ ಕಡಿದಿದ್ದೇ. ನನ್ನ ಜೊತೆಗಾರ ಒಬ್ಬ 52ಕ್ಕೇ ತಗೊಂಡು ಈಗ ತಲೆ ಕೆರ್ಕೋತಿದ್ದಾನೆ.

ಸೋಮವಾರಪೇಟೆ ಹುಡುಗಿ

ಅಣ್ಣ, ಇದು ನಮ್ಮಮ್ಮ ಹೇಳಿ ನನ್ನ ಕೈಲಿ ಬರೆಸ್ತಿರೋದು. ನಮ್ಮಪ್ಪ ತೋಟದಲ್ಲಿ ಜೀಪ್ ಡ್ರೈವರ್ ಆಗಿದ್ರು. ಕೆಲಸದಲ್ಲಿ ಇರ್ವಾಗ್ಲೇ ತೀರ್ಕೊಂಡ್ರು, ಆ ತೋಟಕ್ಕೆ ಸೇರಿ ಮೂರೇ ವರ್ಷ ಆಗಿತ್ತು. ಹತ್ತು ವರ್ಷ ಆಗಿಲ್ಲ ಏನೂ ಬರಲ್ಲ ಅಂತ ತೋಟದ ಕೆಲಸಗಾರರ ಲೈನ್ ಮನೆಯವರೆಲ್ಲ ಹೇಳಿದ್ರು, ಆದ್ರೆ ಕೆಲಸದಲ್ಲಿದ್ದು ಹೋದ್ರೆ ಒಂದು ತಿಂಗಳು ಕಟ್ಟಿದ್ರೂ ಹೆಂಡತಿಗೆ ಪೆನ್ಷನ್ ಇದೆ. ಅಮ್ಮನಿಗೆ ಬರ್ತಿದೆ, ತಮ್ಮನಿಗೂ 25 ವರ್ಷ ಆಗೋ ತನಕ ಅಮ್ಮನ ಪೆನ್ಷನ್ನಿನ ಕಾಲು ಭಾಗದ ಹಾಗೆ ಬರತ್ತೆ. ಪಿಎಫ್ ಆಫೀಸಿನೋರು ಇನ್ನೊಂದು ಹೇಳಿದ್ರು, ಹತ್ತು ವರ್ಷ ಸರ್ವಿಸ್ ಪೂರ್ತಿ ಆದವರು ಕೆಲಸ ಬಿಟ್ಟು ಮನೇಲಿರ್ವಾಗ 58ರ ಒಳಗೆ ಹೋದ್ರೂ ಮನೆಯವರಿಗೆ ಬರತ್ತಂತೆ. ಆ 10ಸಿ ಫಾರಂ ಹಾಕಿ ದುಡ್ಡು ತೆಗೆದು ಮನೇಲಿದ್ರೆ ಅತ್ತಿಗೆಗೆ ಏನೂ ಇಲ್ಲ. ರೋಬಸ್ಟಾ ಅಣ್ಣನ ಲೆಕ್ಕದಲ್ಲಿ ಇದು ಬಂದೇ ಇಲ್ಲ.

ನಮಗೆ ಕಷ್ಟ ಆಗಿದ್ದು ಎಲ್ಲಿ ಅಂದ್ರೆ ಅಪ್ಪನ ಪಿಎಫ್ ದಾಖಲೇಲಿ ಮದ್ವೆ ಆಗಿಲ್ಲ ಅಂತಿತ್ತು, ನಾಮಿನಿ ಅಜ್ಜಿ ಹೆಸರು, ಅಜ್ಜಿ ಹೋಗಿ ಆಗ್ಲೇ ಎಷ್ಟೋ ವರ್ಷ. ಮದ್ವೆಗೆ ಮುಂಚೆ ಬರ್ಸಿದ್ದನ್ನ ಯಾರೂ ತಿದ್ದಿಲ್ಲ. ಅದೊಂದಕ್ಕೆ ಅಮ್ಮ ತಹಶೀಲ್ದಾರ್ ಆಫೀಸಿಗೆ ತೋಟದ ಆಫೀಸಿಗೆ ತಿರುಗಿ ತಿರುಗಿ ಒಂದು ಜೊತೆ ಚಪ್ಪಲಿ ಸವೆಸಿದ್ರು. ಈಗ ಮೊಬೈಲಲ್ಲೇ ಇ-ನಾಮಿನೇಷನ್ ಮಾಡ್ಬೋದು ಅಣ್ಣ, ಅತ್ತಿಗೆ ಮಕ್ಕಳ ಫೋಟೋ ಆಧಾರ್ ಹಾಕಿ ಇವತ್ತೇ ಮಾಡಿ.

ಅಮ್ಮ ಇನ್ನೊಂದು ಹೇಳು ಅಂತಿದ್ದಾರೆ. ವರ್ಷಕ್ಕೊಂದ್ಸಲ ಜೀವಂತ ಇದ್ದೀವಿ ಅಂತ ಜೀವನ್ ಪ್ರಮಾಣ್ ಕೊಡ್ಬೇಕಲ್ಲ, ಮೊದಲೆರಡು ವರ್ಷ ಅಮ್ಮನ ಹೆಬ್ಬೆಟ್ಟು ಮಿಷನ್ ಹಿಡೀಲೇ ಇಲ್ಲ. ಕಾಫಿ ಕುಯ್ದು ಮೆಣಸು ಕುಯ್ದು ಬೆರಳಲ್ಲಿ ಗೆರೆನೇ ಇಲ್ಲ, ಎಣ್ಣೆ ಹಚ್ಚಿ ಒರೆಸಿ ಹತ್ತು ಬೆರಳೂ ಇಟ್ಟು ನೋಡಿದ್ದಾಯ್ತು. ಈಗ ಫೋನಲ್ಲಿ ಮುಖ ತೋರಿಸಿದ್ರೆ ಆಗತ್ತೆ, ಅಂಗಳದಲ್ಲಿ ಬೆಳಕಿಗೆ ನಿಲ್ಲಿಸಿ ಕಣ್ಣು ಮಿಟುಕಿಸಮ್ಮ ಅಂದ್ರೆ ಎರಡು ನಿಮಿಷ. ಇಪಿಎಸ್‌ನೋರು ನವೆಂಬರಲ್ಲೇ ಕೊಡ್ಬೇಕು ಅಂತೇನಿಲ್ಲ, ಕೊಟ್ಟ ದಿನದಿಂದ ಒಂದು ವರ್ಷ ನಡಿಯತ್ತೆ, ನಾವು ಕುಯ್ಲಿನ ಗಲಾಟೆ ಇಲ್ದಿರೋ ಮೇ ತಿಂಗಳಲ್ಲಿ ಕೊಡ್ತೀವಿ.

ತೋಟದ ರೈಟರ್, ಸುಂಟಿಕೊಪ್ಪ

ಎಲ್ರಿಗೂ ಥ್ಯಾಂಕ್ಸ್. ತಂಗಿ, ಅಮ್ಮನಿಗೆ ನಮಸ್ಕಾರ ಹೇಳು. ನಾನು ಈಗ್ಲೇ ನೋಡ್ದೆ, ನಂದರಲ್ಲೂ ನಾಮಿನಿ ಅಂತ ಏನೂ ಕಾಣ್ತಿಲ್ಲ, ನಾಚಿಕೆ ಆಯ್ತು.

ಇನ್ನೊಂದು ತೊಂದ್ರೆ ಸಿಕ್ತು. ಪಿಎಫ್‌ನಲ್ಲಿ ನನ್ನ ಹೆಸರು ಹಿಂದೆ ಇನಿಷಿಯಲ್ ಒಂದೇ ಇದೆ, ಆಧಾರಲ್ಲಿ ಮನೆ ಹೆಸರು ಪೂರ್ತಿ ಮುಂದೆ ಬಂದಿದೆ. ಸೈಬರ್ ಹುಡುಗ 75% ಅಡ್ವಾನ್ಸ್‌ಗೆ ಹಾಕ್ದ, ಹೆಸರು ಮ್ಯಾಚ್ ಇಲ್ಲ ಅಂತ ರಿಜೆಕ್ಟ್ ಆಗಿ ಬಂತು. ಮೊದಲನೇ ತೋಟದಲ್ಲಿ ಕೆಲಸ ಬಿಟ್ಟಾಗ ಕೊಡೋ ಗ್ರಾಚ್ಯುಟಿನೂ ಕೊಟ್ಟಿಲ್ಲ, ಐದು ವರ್ಷ ಆಗಿಲ್ಲ ಅಂದ್ರು, ನಾನೂ ಸುಮ್ನಾದೆ.

ಗೋಣಿಕೊಪ್ಪ ಅಕೌಂಟ್ಸ್

ಮನೆ ಹೆಸರಿನ ಗೋಳು ಕೊಡಗಲ್ಲಿ ದಿನಾ ನೋಡ್ತೀನಿ, ಶಾಲೆ ದಾಖಲೇಲಿ ಒಂದು ಥರ, ಆಧಾರಲ್ಲಿ ಒಂದು ಥರ, ಬ್ಯಾಂಕಲ್ಲಿ ಮೂರನೇ ಥರ. ನಿಮ್ಮ ಯುಎಎನ್ ಅಂದ್ರೆ ಪಿಎಫ್ ನಂಬರ್ 2017 ಅಕ್ಟೋಬರ್‌ಗಿಂತ ಹಳೇದು, ಹಾಗಾಗಿ ಹೆಸರು ತಿದ್ದೋ ಜಾಯಿಂಟ್ ಡಿಕ್ಲರೇಷನ್‌ಗೆ ಮಾಲೀಕರ ಕಡೆಯಿಂದ ಒಪ್ಪಿಗೆ ಬೇಕಾಗತ್ತೆ, ತೋಟದ ಆಫೀಸ್ ಬಿಡ್ಬೇಡಿ. ಪ್ರತಿ ತಿಂಗಳು 27ಕ್ಕೆ ಜಿಲ್ಲೆ ಜಿಲ್ಲೇಲಿ ಪಿಎಫ್‌ನೋರು ನಿಧಿ ಆಪ್ಕೆ ನಿಕಟ್ ಅಂತ ಕ್ಯಾಂಪ್ ಮಾಡ್ತಾರೆ, ಪೇಪರೆಲ್ಲ ಹಿಡ್ಕೊಂಡು ಅಲ್ಲಿಗೆ ಹೋಗಿ, ಸೈಬರ್‌ಗಿಂತ ವಾಸಿ.

ಗ್ರಾಚ್ಯುಟಿ ಸುಮ್ನೆ ಬಿಡೋ ವಿಷಯ ಅಲ್ಲ ಸರ್. ನೀವು ಆ ಕೆಲಸ ಬಿಟ್ಟಾಗ ತೋಟಗಳಿಗೂ 1972ರ ಕಾಯ್ದೆ ಇತ್ತು. 4 ವರ್ಷ ಮುಗಿದು ಐದನೇ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ರೆ ಐದು ಆದ ಹಾಗೇ ಅಂತ ಮದ್ರಾಸ್ ಹೈಕೋರ್ಟ್ ಹೇಳಿದೆ, ಎಲ್ಲಾ ಮಾಲೀಕರೂ ಒಪ್ಪಲ್ಲ ಅನ್ನೋದು ಬೇರೆ. ನೀವು ಐದನೇ ವರ್ಷ ಹತ್ತು ತಿಂಗಳು ಮಾಡಿದ್ದೀರಿ. ಕೊನೇ ಸಂಬಳಕ್ಕೆ 15 ಗುಣಿಸಿ 26ರಿಂದ ಭಾಗಿಸಿ ಐದು ಪಟ್ಟು, 15,000 ಹಿಡಿದ್ರೆ 43 ಸಾವಿರ ಆಯ್ತು. ತಡ ಆಗಿದೆ ನಿಜ, ಆದ್ರೂ ಲೇಬರ್ ಆಫೀಸಲ್ಲಿ ಒಂದ್ಸಲ ಕೇಳಿ.

ಕೂಡ್ಲೂರಲ್ಲಿ ಸೇರ್ವಾಗ ಫಾರಂ 11 ಕೊಡ್ತಾರೆ, ಅದ್ರಲ್ಲಿ ಮೊದಲೇ ಇಪಿಎಸ್ ಮೆಂಬರ್ ಇದ್ದೆ ಅಂತ ಟಿಕ್ ಮಾಡಿ ಹಳೇ ಯುಎಎನ್ನೇ ಕೊಡಿ. ಮರೆತ್ರೆ 15 ಸಾವಿರದ ಮೇಲೆ ಸಂಬಳ ಇದ್ದೋರನ್ನ ಹೊಸಬ್ರು ಅಂತ ಪೆನ್ಷನ್ ಸ್ಕೀಮಿಗೇ ಸೇರಿಸಲ್ಲ, ಆಮೇಲೆ ಸರಿ ಮಾಡ್ಸೋದು ಆನೆ ಓಡ್ಸಿದ ಹಾಗೆ.

ಕೊನೇದಾಗಿ ಪೋರ್ಟಲಲ್ಲಿ ಸರ್ವಿಸ್ ಹಿಸ್ಟರಿ ತೆಗೆದು ಎನ್‌ಸಿಪಿ ದಿನ ಅಂತ ಒಂದು ಕಾಲಂ ಇದೆ ನೋಡಿ. ಸಂಬಳ ಇಲ್ಲದ ದಿನಗಳು ಅವು, ಸರ್ವಿಸಿಂದ ಕಳೀತಾರೆ. ಹಾಗಾಗಿ ಮೂರು ತಿಂಗಳು ಆಯ್ತು ಅಂತ ಗಡಿ ಮೇಲೆ ನಿಂತು ಕೆಲಸ ಬಿಡ್ಬೇಡಿ.

ರೋಬಸ್ಟಾ ರೇಟ್

ಸೋಮವಾರಪೇಟೆ ತಂಗಿ ಹೇಳಿದ್ದು ನನ್ನ ಲೆಕ್ಕದಲ್ಲಿ ನಿಜವಾಗ್ಲೂ ಇರ್ಲಿಲ್ಲ, ಸರಿ. ರೈಟರ್ ಅಣ್ಣ, ನಿಮ್ಮ ಮನೆಯವರಿಗೆ ವಯಸ್ಸೆಷ್ಟು? 40ರ ಒಳಗಿದ್ದು ಇನ್‌ಕಂ ಟ್ಯಾಕ್ಸ್ ಕಟ್ಟೋರಲ್ಲ ಅಂದ್ರೆ ಅಟಲ್ ಪೆನ್ಷನ್ ಮಾಡ್ಸಿ. 35 ಅಂದ್ರೆ ತಿಂಗಳಿಗೆ 902 ಕಟ್ಟಿದ್ರೆ 60ಕ್ಕೆ 5,000 ಪೆನ್ಷನ್. ನಿಮಗೆ ವಯಸ್ಸು ದಾಟ್ತು.

ತೋಟದ ರೈಟರ್, ಸುಂಟಿಕೊಪ್ಪ

ಪುತ್ತರಿ ಹಬ್ಬ ಮುಗೀತು, ಏನಾಯ್ತು ಅಂತ ಕೇಳಿದೋರಿಗೆ ಹೇಳ್ಬೇಕಲ್ಲ. ಅಕ್ಟೋಬರಿಂದ ಕೂಡ್ಲೂರಿಗೆ ಹೋಗ್ತಿದ್ದೀನಿ. ಬಸ್ಸಲ್ಲಿ ನಿಂತೇ ಹೋಗ್ಬೇಕು, ಅಷ್ಟೇ ಕಷ್ಟ. ಎರಡು ತಿಂಗಳದ್ದು ಪಾಸ್‌ಬುಕ್ಕಲ್ಲಿ ಬಿದ್ದಿದೆ, ಕೊನೇ ಕಾಲಂನಲ್ಲಿ 1,250, 1,250. ಫಾರಂ 11ರಲ್ಲಿ ಟಿಕ್ ಮಾಡಿದೆ, ಅಲ್ಲಿನ ಹುಡುಗ ಅದನ್ನ ಖಾಲಿ ಬಿಟ್ಟಿದ್ದ ಸರ್, ನೀವು ಹೇಳಿದ ಹಾಗೇ.

ಹೆಸರು ಸರಿ ಆಗೋಕೆ ನವೆಂಬರ್ ಆಯ್ತು, ಅಷ್ಟರಲ್ಲಿ ಅಣ್ಣ ಕಾದು ಸಾಕಾಗಿ ಸಹಕಾರ ಸಂಘದಲ್ಲಿ ಪಂಪ್‌ಸೆಟ್‌ಗೆ ಸಾಲ ತಗೊಂಡ. ಹಾಗಾಗಿ ಪಿಎಫ್ ಒಂದು ರೂಪಾಯಿನೂ ಮುಟ್ಟಿಲ್ಲ, ಮನೆ ಹೆಸರು ಹಿಂದೆ ಮುಂದೆ ಆಗಿದ್ದು ಹೀಗೆ ಉಪಕಾರಕ್ಕೆ ಬಂತು. ಮನೆಯವಳಿಗೆ 35 ಆಗಿತ್ತು, ಅಟಲ್ ಮಾಡ್ಸಿದೆ. ಗ್ರಾಚ್ಯುಟಿಗೆ ಅರ್ಜಿ ಕೊಟ್ಟಿದ್ದೀನಿ, ಇನ್ನೂ ಏನೂ ಹೇಳಿಲ್ಲ.

ಆ ಎನ್‌ಸಿಪಿ ಕಾಲಂ ನೋಡ್ದೆ ಸರ್. ಮೊದಲನೇ ತೋಟದ ಎದುರು 26 ಅಂತಿದೆ. ಇದ್ಯಾವುದಪ್ಪ ನಾನು ರಜ ಹಾಕ್ದೋನೇ ಅಲ್ಲ ಅಂತ ಎರಡು ದಿನ ತಲೆ ಕೆಡಿಸ್ಕೊಂಡೆ, ಆಮೇಲೆ ಬಸ್ಸಲ್ಲಿ ಹೋಗ್ತಾ ಹೊಳೀತು, 2018ರ ಆಗಸ್ಟ್. ಗುಡ್ಡ ಕುಸಿದು ಮಾದಾಪುರ ರಸ್ತೆ ಹೋಗಿತ್ತಲ್ಲ, ತೋಟಕ್ಕೆ ಹೋಗೋಕೆ ದಾರಿನೇ ಇರ್ಲಿಲ್ಲ. ದಾರಿ ಆದ್ಮೇಲೆ ಹೋಗಿ ಮಸ್ಟರ್ ತೆಗೆದು ಎಲ್ರಿಗೂ ಆ ದಿನಗಳಿಗೆ ಗೈರು ಅಂತ ಸೊನ್ನೆ ಹಾಕಿದೋನು ನಾನೇ, ಬಂದವರಿಗೆ ಮಾತ್ರ ಹಾಜರಿ ಹಾಕು ಅಂತ ತೋಟದ ದೊರೆ ಅಂದಿದ್ರು, ಕೊನೇಲಿ ನನ್ನ ಹೆಸರಿನ ಮುಂದೂ ಹಾಕ್ಕೊಂಡಿದ್ದೆ. ನನ್ನ ಜೊತೆ ಆವಾಗ ಇದ್ದ ಲೈನಿನ ಜನಕ್ಕೂ ಅದೇ 26 ಇರ್ಬೇಕು. ಒಬ್ಬೊಬ್ರಿಗೇ ಫೋನ್ ಮಾಡಿ 10ಸಿ ಹಾಕಿದ್ದೀರಾ ಅಂತ ಕೇಳ್ತಿದ್ದೀನಿ, ಇಬ್ರು ಆಗ್ಲೇ ಹಾಕಿ ಬಿಟ್ಟಿದ್ದಾರೆ.